ನಾಲ್ಕನೇ ಜ್ವರದ ಹಾಜರಿ

ಜೂನ್ 3, ಮಂಗಳವಾರ

ಬಿಪಿ ನೂರ ಅರವತ್ತೆರಡು. ಮಾತ್ರೆ ಬರೆದುಕೊಟ್ಟರು. ನಲವತ್ತು ದಾಟಿದವರಿಗೆಂದು ಆರೋಗ್ಯ ಕೇಂದ್ರದವರು ಡೇರಿ ಮಹಡಿಯಲ್ಲಿ ನೃತ್ಯದ ತರಗತಿ ಶುರು ಮಾಡಿದ್ದಾರೆ, ಬನ್ನಿ ಎಂದಳು ಆಶಾ ಕಾರ್ಯಕರ್ತೆ ಶ್ವೇತ. ನಾನು ಕುಣಿಯುವವಳಲ್ಲ ಎಂದೆ. ಬೇರೇನೂ ಬರೆಯಬೇಕೆನಿಸುತ್ತಿಲ್ಲ.

ಜೂನ್ 5, ಗುರುವಾರ

ಚನ್ನಪಟ್ಟಣದ ಕಾಲೇಜಿನಿಂದ ನನ್ನ ಪುಸ್ತಕಗಳನ್ನು ಎರಡು ರಟ್ಟಿನ ಪೆಟ್ಟಿಗೆಗೆ ತುಂಬಿ ಕಳಿಸಿದ್ದಾರೆ. ಹತ್ತೊಂಬತ್ತು ವರ್ಷ ಪಾಠ ಮಾಡಿದೆ. ಈ ಸಲ ಐಚ್ಛಿಕ ಕನ್ನಡಕ್ಕೆ ಸೇರಿದವರು ಆರೇ ಜನ. ಹತ್ತು ತಲೆ ಇಲ್ಲದಿದ್ದರೆ ವಿಭಾಗ ಮುಚ್ಚಬೇಕಂತೆ. ನಾಲ್ಕು ತಲೆ ಕಡಿಮೆಯಾದದ್ದಕ್ಕೆ ನನ್ನ ತಲೆ ಹೋಯಿತು.

ಪೆಟ್ಟಿಗೆ ಬಿಚ್ಚಿಲ್ಲ. ಮುಂಚೆ ಬೆಳಿಗ್ಗೆ ಒಂದು ಪದ್ಯ ಓದಿದರೆ ಬಸ್ಸಿನಲ್ಲಿ, ತರಗತಿಯಲ್ಲಿ, ಅಡುಗೆಮನೆಯಲ್ಲಿ ಅದೇ ಜೊತೆಗಿರುತ್ತಿತ್ತು. ಈಗ ಪುಸ್ತಕ ತೆರೆದರೆ ಕಾಗದ ಕಾಣುತ್ತದೆ, ಅಷ್ಟೆ.

ಸಂಜೆ ಶ್ವೇತ ಮತ್ತೆ ಬಂದಳು. ಕುಣಿಯುವುದು ಬೇಡ, ಹಾಜರಿ ಪುಸ್ತಕ ಬರೆದುಕೊಟ್ಟರೆ ಸಾಕು, ನಿಮ್ಮಷ್ಟು ದುಂಡಗೆ ಬರೆಯುವವರು ಯಾರಿದ್ದಾರೆ ಎಂದಳು. ಅಕ್ಷರ ಹೊಗಳಿದರೆ ನಾನು ಎಲ್ಲಿಗೆ ಬೇಕಾದರೂ ಹೋಗಿಬಿಡುತ್ತೇನೆ. ಒಪ್ಪಿಕೊಂಡೆ.

ಜೂನ್ 6, ಶುಕ್ರವಾರ

ಹೋಗಿ ಬಂದೆ. ಕೆಳಗೆ ಹಾಲು, ಮೇಲೆ ಹಾಲ್. ಮೆಟ್ಟಿಲುದ್ದಕ್ಕೂ ಹಿಂಡಿಯ ಮೂಟೆಗಳು.

ಕುಣಿಸುವವರು ಜಯಕುಮಾರ್, ಐವತ್ತಮೂರು ವರ್ಷ. ಒಂದು ಕಾಲದಲ್ಲಿ ಆರ್ಕೆಸ್ಟ್ರಾಗಳಲ್ಲಿ ಹೀರೋ ವೇಷ ಹಾಕಿ ಕುಣಿದವರು. ಎರಡು ದಿನದ ತರಬೇತಿ ಮುಗಿಸಿ ಈಗ ‘ಕ್ಷೇಮ ನೃತ್ಯ ಶಿಕ್ಷಕ’ರಾಗಿದ್ದಾರೆ. ಕಪ್ಪು ಕನ್ನಡಕವನ್ನು ಒಳಗೂ ತೆಗೆಯುವುದಿಲ್ಲವಾದ್ದರಿಂದ ಆಗಾಗ ಕಂಬಕ್ಕೆ ಢಿಕ್ಕಿ ಹೊಡೆಯುತ್ತಾರೆ. ಅದನ್ನೂ ಹೆಜ್ಜೆ ಎಂದುಕೊಂಡು ಹಿಂದಿನ ಸಾಲಿನವರು ಅನುಸರಿಸುತ್ತಾರೆ. ಹೆಜ್ಜೆಗಳಿಗೆಲ್ಲ ಅವರೇ ಹೆಸರಿಟ್ಟಿದ್ದಾರೆ. ‘ಬೆಲ್ ಒತ್ತು’, ‘ಬೆವರು ಒರೆಸು’, ‘ಬಸ್ ನಿಲ್ಲಿಸು’. ಬಸ್ ನಿಲ್ಲಿಸುವುದಕ್ಕೆ ಎಡಗೈ ಸೊಂಟದ ಮೇಲಿಟ್ಟು, ಬಲಗೈ ಮುಂದೆ ಚಾಚಿ, ಎರಡು ಸಲ ಜಿಗಿದು ನಿಲ್ಲಬೇಕು. ಎಪ್ಪತ್ತೆರಡರ ರಾಮಲಿಂಗಯ್ಯನವರು ನಾಚಿಕೆಗೆ ಕಣ್ಣು ಮುಚ್ಚಿಕೊಂಡು ಕುಣಿಯುತ್ತಾರೆ. ಇವತ್ತು ಬಸ್ ನಿಲ್ಲಿಸುತ್ತ ನಿಲ್ಲಿಸುತ್ತ ಬಾಗಿಲು ದಾಟಿ ಹೋಗಿ ಹಿಂಡಿ ಮೂಟೆಯ ಮೇಲೆ ಕೂತಿದ್ದರು.

ಜೋಡಿ ಹೆಜ್ಜೆಗೆ ಮುನಿತಾಯಮ್ಮನವರನ್ನೂ ಅಸದುಲ್ಲಾ ಸಾಹೇಬರನ್ನೂ ಎದುರುಬದುರು ನಿಲ್ಲಿಸಿದರು. ಆಕೆಗೆ ಅರವತ್ತಾರು, ಸಕ್ಕರೆ ಕಾಯಿಲೆ, ರೇಷ್ಮೆ ಹುಳ ಸಾಕುತ್ತಾರೆ. ಇವರಿಗೆ ಮಂಡಿನೋವು, ಆ ಗೂಡು ಕೊಂಡು ನೂಲು ತೆಗೆಸುತ್ತಾರೆ. ಮಾರುವವರು, ಕೊಳ್ಳುವವರು ಕೈ ಕೈ ಹಿಡಿಯುವುದು ಸುಲಭವಲ್ಲ.

‘ಓದ್ ಸಲ ನನ್ ಗೂಡ್ನ ಜೊಳ್ಳು ಅಂದ್ರಲ್ಲ ಸಾಹೇಬ್ರೇ, ಈಗ ನಿಮ್ ಮಂಡಿ ಎಷ್ಟ್ ಗಟ್ಟಿ ಐತೆ ತೋರ್ಸಿ.’

‘ಮಂಡಿ ನೋಡಿ ರೇಟ್ ಕಟ್ಬೇಡಿ ಮುನಿತಾಯಮ್ಮ, ಪೂರ್ತಿ ಮಾಲ್ ನೋಡಿ.’

ಒಟ್ಟು ಹೆಸರು ಹದಿನಾರು. ಪುಸ್ತಕದ ರಟ್ಟಿನ ಒಳಗಡೆ ನಿಯಮ ಅಂಟಿಸಿದ್ದಾರೆ: ಸತತ ಮೂರು ತರಗತಿಗಳಲ್ಲಿ ಹಾಜರಿ ಹನ್ನೆರಡಕ್ಕಿಂತ ಕಡಿಮೆಯಾದರೆ ತರಗತಿ ರದ್ದು. ಓದಿ ಬೆವರಿದೆ. ಮತ್ತೆ ತಲೆ ಎಣಿಸುವ ಕೆಲಸ. ಒಂದೇ ವರ್ಷದಲ್ಲಿ ಎರಡು ಹಾಜರಿ ಪುಸ್ತಕ ನನ್ನ ಕೈಯಲ್ಲಿ ಮುಚ್ಚಬಾರದು. ಇದೊಂದು ಉಳಿಯಲಿ.

ಜೂನ್ 11, ಬುಧವಾರ

ಹದಿಮೂರು. ಯಾರಾದರೂ ಕೆಮ್ಮಿದರೆ ನಾಳೆ ಬರುತ್ತಾರೋ ಇಲ್ಲವೋ ಎಂದು ನನ್ನ ಎದೆ ಢವಗುಡುತ್ತದೆ.

ಒಂದು ಮಾತು ಸ್ಪಷ್ಟವಾಗಿ ಬರೆದಿಡುತ್ತೇನೆ. ನಾನು ಕುಣಿಯುತ್ತಿಲ್ಲ. ರಾಮಲಿಂಗಯ್ಯನವರು ಬಾಗಿಲಾಚೆ ಹೋಗದಂತೆ ಪಕ್ಕದಲ್ಲಿ ನಿಂತು ಹೆಜ್ಜೆ ತೋರಿಸುತ್ತೇನೆ. ಅವರು ಕಣ್ಣು ಮುಚ್ಚಿರುವುದರಿಂದ ಸ್ವಲ್ಪ ಜೋರಾಗಿಯೇ ತೋರಿಸಬೇಕಾಗುತ್ತದೆ. ಇದು ಬೋಧನೆ, ನೃತ್ಯವಲ್ಲ. ಮುನಿತಾಯಮ್ಮ ನನ್ನ ಹೆಸರನ್ನೂ ಪುಸ್ತಕಕ್ಕೆ ಸೇರಿಸಿ ಎಂದರು. ಬರೆಯುವವರ ಹೆಸರು ಪುಸ್ತಕದೊಳಗೆ ಇರುವುದಿಲ್ಲ ಎಂದೆ.

ಜೂನ್ 13, ಶುಕ್ರವಾರ

ಹದಿನಾರಕ್ಕೆ ಹದಿನಾರು. ಕಾರಣ ಜ್ವರ.

ಸೋಮವಾರ ಊರಿಗೆಲ್ಲ ಒಂದೇ ಕಡೆಯಿಂದ ಮರಿಹುಳ ಬಂದಿದ್ದವು. ರೇಷ್ಮೆ ಹುಳ ಬೆಳೆಯುವಾಗ ನಾಲ್ಕು ಸಲ ಪೊರೆ ಬಿಡುತ್ತದೆ. ಪ್ರತಿ ಸಲವೂ ಅದಕ್ಕೆ ಮೊದಲು ಒಂದೆರಡು ದಿನ ಸೊಪ್ಪು ಮುಟ್ಟದೆ, ತಲೆಯೆತ್ತಿ, ಅಲುಗದೆ ಕೂರುತ್ತದೆ. ಇಲ್ಲಿ ಅದಕ್ಕೆ ಜ್ವರ ಎನ್ನುತ್ತಾರೆ. ಹುಳ ಜ್ವರಕ್ಕೆ ಕೂತರೆ ಸೊಪ್ಪು ಹಾಕುವ ಕೆಲಸವಿಲ್ಲ, ಮನೆಮಂದಿಗೆಲ್ಲ ಪುರುಸೊತ್ತು. ಮೊದಲೆರಡನ್ನು ಮುಗಿಸಿಕೊಂಡೇ ಬಂದಿದ್ದವು, ಇವತ್ತು ಮೂರನೆಯ ಜ್ವರ, ಅದಕ್ಕೇ ಹಾಲ್ ತುಂಬಿತು.

ಇಪ್ಪತ್ತನಾಲ್ಕು ವರ್ಷ ಈ ಊರಿನ ಸೊಸೆಯಾಗಿ ಕೇಳಿದ ಮಾತು. ಇವತ್ತೇ ಅದನ್ನು ನಿಂತು ನೋಡಿದ್ದು. ಬೆಳೆಯುವ ಮುನ್ನ ಒಂದು ಜ್ವರ. ಒಂದು ಇಡೀ ಪದ್ಯ ಮಾಡುವ ಕೆಲಸವನ್ನು ಒಂದು ಪದ ಮಾಡಿಬಿಟ್ಟಿದೆ.

ಪುಸ್ತಕದಲ್ಲಿ ‘ಷರಾ’ ಎಂಬ ಅಂಕಣ ಖಾಲಿ ಬಿದ್ದಿತ್ತು. ಖಾಲಿ ಅಂಕಣ ನನ್ನಿಂದ ಸಹಿಸಲಾಗದು. ಹುಳ ಸಾಕುವ ಹನ್ನೆರಡು ಜನರ ಹೆಸರಿನ ಮುಂದೆ ‘ಮೂರನೇ ಜ್ವರ, ಹಾಜರು’ ಎಂದು ದುಂಡಗೆ ಬರೆದೆ. ಜ್ವರ ಎದ್ದ ಮೇಲೆ ಬಾರದವರಿಗೆ ‘ಜ್ವರ ಬಿಟ್ಟಿದೆ, ಗೈರು’ ಎಂದು ಬರೆಯಬೇಕು. ಯಾಕೆ ಬಂದರು, ಯಾಕೆ ಬರಲಿಲ್ಲ, ಮೇಲಿನವರಿಗೂ ತಿಳಿಯಲಿ.

ಜೂನ್ 19, ಗುರುವಾರ

ನಿನ್ನೆಯಿಂದ ನಾಲ್ಕನೇ ಜ್ವರ. ಎರಡು ದಿನವೂ ಹದಿನಾರು. ಜಯಕುಮಾರ್ ಸ್ಪೀಕರನ್ನು ಎತ್ತರದಲ್ಲಿಡಲು ಏನಾದರೂ ಕೇಳಿದರು. ಮನೆಗೆ ಬಂದು ಪೆಟ್ಟಿಗೆ ಬಿಚ್ಚಿ ದಪ್ಪಗಿನ ಎರಡು ಕವನ ಸಂಕಲನ ತೆಗೆದೆ. ಒಂದನ್ನು ಅಲ್ಲೇ ನಿಂತು ಓದಿದೆ. ಆಮೇಲೆ ಕೂತು ಓದಿದೆ. ಸ್ಪೀಕರಿಗೆ ನಿಘಂಟು ಕೊಟ್ಟೆ.

ಆರೋಗ್ಯ ಕೇಂದ್ರಕ್ಕೆ ಹೊಸ ಡಾಕ್ಟರ್ ಬಂದಿದ್ದಾರೆ, ಮಹ್ವಿಶ್ ಎಂದು. ಕಲಬುರಗಿ ಕಡೆಯವರು, ಮೂವತ್ತರ ಆಸುಪಾಸು. ತರಗತಿ ಹೇಗೆ ನಡೆದಿದೆ ನೋಡುತ್ತೇನೆಂದು ಪುಸ್ತಕ ಒಯ್ದರು. ಹತ್ತೊಂಬತ್ತು ವರ್ಷದಲ್ಲಿ ನನ್ನ ಹಾಜರಿ ಪುಸ್ತಕವನ್ನು ಓದಲೆಂದು ಯಾರೂ ಮನೆಗೆ ಒಯ್ದಿರಲಿಲ್ಲ. ತುಂಬ ಸಂತೋಷವಾಯಿತು.

ಜೂನ್ 20, ಶುಕ್ರವಾರ

ಹುಳ ಎದ್ದಿವೆ. ನಾಲ್ಕನೇ ಜ್ವರದಿಂದ ಎದ್ದ ಹುಳದ ಹಸಿವು ಸಾಮಾನ್ಯದ್ದಲ್ಲ. ಎಲ್ಲರೂ ಸೊಪ್ಪು ಹೊರುತ್ತಿದ್ದಾರೆ. ಬಂದವರು ನಾಲ್ಕು ಜನ.

ಆರು ಗಂಟೆಗೆ ಡಾಕ್ಟರ್ ಫೋನು.

‘ಏನ್ರೀ ಮೇಡಂ, ಜ್ವರ ಇದ್ದಾಗ ಎಲ್ಲಾರೂ ಬಂದು ಕುಣದಾರ, ಬಿಟ್ಟ ಮ್ಯಾಲೆ ಮನ್ಯಾಗ ಕುಂತಾರ. ಹಿಂಗ್ಯಾಕ?’

ಜ್ವರ ಇದ್ದರೇ ತಾನೆ ಪುರುಸೊತ್ತು ಸಿಗುವುದು ಎಂದೆ. ನಾಲ್ಕು ನಾಲ್ಕು ಸಲ ಬರುತ್ತದೆಯೇ ಎಂದು ಕೇಳಿದರು. ನಾಲ್ಕೇ, ಐದನೆಯದು ಇರುವುದಿಲ್ಲ ಎಂದು ಧೈರ್ಯ ಹೇಳಿದೆ. ಈ ಊರಿನವರಿಗೆ ಇದು ರೂಢಿಯೇ ಎಂದರು. ತಲೆತಲಾಂತರದಿಂದ ಎಂದೆ.

‘ಕ್ಲಾಸ್ ಇವತ್ತಿಗೇ ಬಂದ್ ಮಾಡ್ರಿ,’ ಎಂದು ಫೋನ್ ಇಟ್ಟರು.

ಮೂರು ದಿನದ ನಿಯಮಕ್ಕೂ ಕಾಯಲಿಲ್ಲ. ಎರಡನೆಯ ಪುಸ್ತಕವೂ ಮುಚ್ಚಿತು. ಅನ್ನ ಸೇರಲಿಲ್ಲ.

ಜೂನ್ 21, ಶನಿವಾರ

ಎಲ್ಲವನ್ನೂ ಬರೆದಿಡಬೇಕು.

ಬೆಳಿಗ್ಗೆ ಕಾಫಿ ಕುಡಿಯುತ್ತ ನಮ್ಮ ಯಜಮಾನರಿಗೆ ಫೋನಿನ ಮಾತೆಲ್ಲ ಹೇಳಿದೆ. ಇವರು ಗಣಿತದ ಮೇಷ್ಟ್ರು, ಲೋಟ ಕೆಳಗಿಟ್ಟು ಒಂದೇ ಪ್ರಶ್ನೆ ಕೇಳಿದರು. ‘ಆ ಡಾಕ್ಟ್ರಿಗೆ ಹುಳದ ಜ್ವರ ಗೊತ್ತೇನೇ?’

ನಾನು ಪುಸ್ತಕದ ಪುಟವನ್ನು ಮನಸ್ಸಿನಲ್ಲೇ ಕಲಬುರಗಿಯ ಕಣ್ಣಿನಿಂದ ಓದಿಕೊಂಡೆ. ಮುನಿತಾಯಮ್ಮ, ಅರವತ್ತಾರು, ಸಕ್ಕರೆ ಕಾಯಿಲೆ, ನಾಲ್ಕನೇ ಜ್ವರ, ಹಾಜರು. ಅಷ್ಟರಲ್ಲಿ ಶಾಲೆಯ ಕಡೆಯಿಂದ ಬುರ್ರೆಂದು ಸದ್ದು ಕೇಳಿತು. ಸೊಳ್ಳೆಗೆ ಹೊಗೆ ಹೊಡೆಯುವ ಯಂತ್ರ. ಜ್ವರದ ಊರಿಗೆ ಬೆಳಗಾಗುವುದರೊಳಗೆ ಕಳಿಸಿದ್ದಾರೆ. ಆ ಹೊಗೆ ಹುಳದ ಮನೆಯೊಳಗೆ ಹೊಕ್ಕರೆ ಒಂದು ಹುಳವೂ ಉಳಿಯುವುದಿಲ್ಲ. ಇಡೀ ಊರಿನ ಬೆಳೆ ನನ್ನ ದುಂಡಗಿನ ಅಕ್ಷರದಿಂದ ಹೋಗಿಬಿಡುತ್ತದೆ. ಆಮೇಲೆ ಆ ಮಹಡಿಗೆ ಯಾರು ಬರುತ್ತಾರೆ, ಯಾವ ಮುಖದಿಂದ ನಾನು ಹಾಜರಿ ಕರೆಯಲಿ?

ಓಡಿದೆ. ನೈಟಿ, ಮೇಲೊಂದು ಟವಲು, ಒಂದು ಕಾಲಿಗೆ ನನ್ನ ಚಪ್ಪಲಿ, ಇನ್ನೊಂದಕ್ಕೆ ಇವರದು. ಯಂತ್ರ ಹೊತ್ತಿದ್ದವನು ಆರೋಗ್ಯ ಕೇಂದ್ರದ ಕೆಲಸಗಾರ ಕರೀಂ. ಕಿವಿಗೆ ಹತ್ತಿ, ಮೇಲೆ ಬಟ್ಟೆ. ನಿಲ್ಲಿಸಪ್ಪ, ಹುಳ ಸಾಯುತ್ತವೆ ಎಂದು ಕೂಗಿದ್ದು ನನಗೇ ಕೇಳಿಸಲಿಲ್ಲ. ಅವನು ಬರುತ್ತಲೇ ಇದ್ದ. ಮುನಿತಾಯಮ್ಮನವರ ಮನೆಗೆ ಇನ್ನು ಮೂರೇ ಮನೆ.

ಆಗ ನನ್ನ ಎಡಗೈ ತಾನಾಗಿ ಸೊಂಟಕ್ಕೆ ಹೋಯಿತು. ಬಲಗೈ ಚಾಚಿದೆ. ಜಿಗಿದೆ, ಮತ್ತೆ ಜಿಗಿದೆ. ಬಸ್ ನಿಲ್ಲಿಸು.

ಕರೀಂ ಹಲ್ಲು ಕಿರಿದು ತಲೆಯಾಡಿಸಿ ಮುಂದೆ ಬಂದ. ಬೆಳಗಿನ ವ್ಯಾಯಾಮ ಎಂದುಕೊಂಡನಂತೆ. ನಾನು ಮತ್ತೆ ಮಾಡಿದೆ. ಸೊಪ್ಪಿನ ಹೊರೆ ಹೊತ್ತು ಬರುತ್ತಿದ್ದ ಮುನಿತಾಯಮ್ಮ ಒಂದು ಕ್ಷಣ ನೋಡಿದರು, ಹೊರೆ ಇಳಿಸಿದರು, ಪಕ್ಕ ಬಂದು ಜಿಗಿದರು. ಬೇವಿನಕಡ್ಡಿ ಬಾಯಲ್ಲಿಟ್ಟುಕೊಂಡೇ ಅಸದುಲ್ಲಾ ಸಾಹೇಬರು ಸೇರಿದರು. ಹುಳ ಸಾಕದ ಅವರಿಗೂ ಗೂಡಿಲ್ಲದೆ ಬದುಕಿಲ್ಲವಲ್ಲ. ಎರಡು ನಿಮಿಷದಲ್ಲಿ ಬೀದಿಗೆ ಅಡ್ಡಲಾಗಿ ಹನ್ನೊಂದು ಜನ, ಒಂದೇ ತಾಳದಲ್ಲಿ, ಬಾರದ ಬಸ್ಸನ್ನು ನಿಲ್ಲಿಸುತ್ತಿದ್ದೆವು. ರಾಮಲಿಂಗಯ್ಯನವರು ಕಣ್ಣು ಮುಚ್ಚಿಕೊಂಡು ಜಿಗಿಯುತ್ತ ಸಾಲು ಬಿಟ್ಟು ನೇರ ಯಂತ್ರದ ಮೂತಿಗೆ ಹೊರಟರು. ಕರೀಂ ಗಾಬರಿಯಾಗಿ ಯಂತ್ರ ಆರಿಸಿ, ಅವರನ್ನು ತಬ್ಬಿ ಹಿಡಿದ.

ಹಿಂದೆಯೇ ಡಾಕ್ಟರ್ ಸ್ಕೂಟಿಯಲ್ಲಿ ಬಂದು ಇಳಿದರು. ಜ್ವರದಿಂದೆದ್ದವರೆಲ್ಲ ಬೀದಿಯಲ್ಲಿ ಕುಣಿಯುತ್ತಿರುವುದನ್ನು ನೋಡಿ ಅವರ ಬಣ್ಣವೇ ಇಳಿಯಿತು. ನಾನು ಏದುಸಿರಿನಲ್ಲಿ ವಿವರಿಸುವ ಮೊದಲೇ ಮುನಿತಾಯಮ್ಮನವರ ಹಣೆ ಮುಟ್ಟಿದರು.

‘ಅಜ್ಜಿ, ಜ್ವರ ಯಾವಾಗ ಬಿಡ್ತು?’

‘ನೆನ್ನೆ ಹೊತ್ತಾರೆ ಎದ್ದೊ ಕಣವ್ವ.’

‘ಈಗ ಊಟ ಸೇರ್ತದೇನು?’

‘ಸೇರದಾ? ತಂದಾಕಿ ತಂದಾಕಿ ನನ್ ರಟ್ಟೆ ಬಿದ್ದೋಗವೆ.’

‘ಮನ್ಯಾಗ ಎಷ್ಟು ಮಂದಿಗೆ ಬಂದಿತ್ತು?’

ಮುನಿತಾಯಮ್ಮ ಕಣ್ಣು ಮೇಲೆ ಮಾಡಿ ಅಂದಾಜು ಕಟ್ಟಿದರು. ‘ಒಂದ್ ನಲವತ್ ಸಾವ್ರ ಇರಬೋದು.’

ನಾನು ಡಾಕ್ಟರ ಕೈ ಹಿಡಿದು ಹುಳದ ಮನೆಯೊಳಗೆ ಕರೆದುಕೊಂಡು ಹೋದೆ. ಚಪ್ಪಲಿ ಬಿಟ್ಟು ಕಾಲು ತೊಳೆದು ಹೋದೆವು. ಸಾಲು ಸಾಲು ಹಾಸಿನ ಮೇಲೆ ನಲವತ್ತು ಸಾವಿರ ಬಾಯಿ ಒಟ್ಟಿಗೆ ತಿನ್ನುತ್ತಿದ್ದವು. ಪರೀಕ್ಷೆಯ ಕೊಠಡಿಯಲ್ಲಿ ಎಲ್ಲರಿಗೂ ಉತ್ತರ ಗೊತ್ತಿರುವ ದಿನದ ಸದ್ದು. ಜ್ವರ ಬಂದಿದ್ದು ಇವರಿಗೆ ಎಂದೆ. ಡಾಕ್ಟರ್ ಬಾಯಿಗೆ ದುಪಟ್ಟ ಒತ್ತಿಕೊಂಡು ಅಲ್ಲೇ ಕುಕ್ಕರುಗಾಲಲ್ಲಿ ಕೂತು ನಕ್ಕರು. ಆಮೇಲೆ ಕಣ್ಣೊರೆಸಿಕೊಂಡು, ಮೇಲಕ್ಕೆ ವರದಿ ಹೋಗಿಬಿಟ್ಟಿದೆ, ಏನಂತ ಬರೆಯಲಿ ಎಂದು ಅಳುವ ಹಾಗಾದರು. ಸೋಮವಾರ ತರಗತಿ ತೆರೆಯುತ್ತಾರಂತೆ. ಆದರೆ ಹನ್ನೆರಡರ ನಿಯಮ ಅವರದಲ್ಲ, ಅದು ಹಾಗೇ ಇರುತ್ತದೆ.

ಮೀನಖಂಡ ಹಿಡಿದುಕೊಂಡಿದೆ. ಓಡಿದ್ದಕ್ಕೆ ಇರಬೇಕು.

ಜೂನ್ 23, ಸೋಮವಾರ

ನಿನ್ನೆ ಮನೆಮನೆಗೆ ಹೋಗಿ ಹುಳ ಎಷ್ಟೆಷ್ಟು ಹೊತ್ತಿಗೆ ತಿನ್ನುತ್ತವೆ ಎಂದು ಬರೆದುಕೊಂಡೆ. ಬೆಳಿಗ್ಗೆಯ ಎರಡನೇ ಸೊಪ್ಪು ಹಾಕಿದ ಮೇಲೆ ಹನ್ನೆರಡರಿಂದ ಒಂದರವರೆಗೆ ಎಲ್ಲರೂ ಬಿಡುವು. ತರಗತಿಯನ್ನು ಆ ಹೊತ್ತಿಗೆ ಬದಲಾಯಿಸಿದೆವು. ನೆತ್ತಿಯ ಮೇಲೆ ಬಿಸಿಲು, ಕಾದ ತಾರಸಿ, ಹದಿಮೂರು ಜನ. ‘ಬೆವರು ಒರೆಸು’ ಹೆಜ್ಜೆಯನ್ನು ಇವತ್ತು ಯಾರಿಗೂ ಹೇಳಿಕೊಡಬೇಕಾಗಲಿಲ್ಲ.

ಡಾಕ್ಟರ ವರದಿಯನ್ನು ಇಬ್ಬರೂ ಕೂತು ಬರೆದೆವು. ‘ಪೀಡಿತರೆಲ್ಲರೂ ಸಂಪೂರ್ಣ ಗುಣಮುಖರಾಗಿ ಎಂದಿನಂತೆ ಆಹಾರ ಸೇವಿಸುತ್ತಿದ್ದಾರೆ.’ ಒಂದಕ್ಷರ ಸುಳ್ಳಿಲ್ಲ.

ಜೂನ್ 28, ಶನಿವಾರ

ಹುಳ ಹಣ್ಣಾಗಿವೆ. ಮೈ ಹಳದಿ ತಿರುಗಿದ ಹುಳವನ್ನು ಒಂದೊಂದಾಗಿ ಆರಿಸಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡಬೇಕು. ಕಾಯುವ ಕೆಲಸವಲ್ಲ. ನಿನ್ನೆ ಹಾಜರಿ ಮೂರು, ಇವತ್ತು ಎರಡು. ನಾಳೆ ಭಾನುವಾರ ರಜೆ. ಸೋಮವಾರವೇ ಮೂರನೆಯ ದಿನ.

ಜೂನ್ 30, ಸೋಮವಾರ

ಹುಳ ಗೂಡಿಗೆ ಕೂತವು. ಮನುಷ್ಯರು ನೆಲಕ್ಕೆ ಬಿದ್ದರು. ಬೆಳಿಗ್ಗೆಯಿಂದ ಬಾಗಿಲು ಬಾಗಿಲು ತಟ್ಟಿದೆ. ಹನ್ನೆರಡೂಕಾಲಕ್ಕೆ ಹಾಲ್‌ನಲ್ಲಿ ಹನ್ನೊಂದು ಜನ, ಅದರಲ್ಲಿ ಐದು ಜನ ಗೋಡೆಗೆ ಒರಗಿ ನಿದ್ದೆ. ಡಾಕ್ಟರ್ ಸಹಿ ಹಾಕಲು ಬಂದು ಪೆನ್ನು ಹಿಡಿದು ನಿಂತಿದ್ದರು.

‘ಟೀಚ್ರಮ್ಮನ್ನ ಬರ್ಕಳಿ,’ ಎಂದರು ಮುನಿತಾಯಮ್ಮ. ‘ನಮ್ಮೆಲ್ರಿಗಿಂತ ಜಾಸ್ತಿ ಕುಣಿಯೋರು ಅವ್ರೇ.’

ಇದು ಅತಿಶಯೋಕ್ತಿ. ಆದರೂ ತರಗತಿ ಉಳಿಯಲೆಂದು ಒಪ್ಪಿದೆ. ಸೇರಬೇಕಾದರೆ ಏನಾದರೂ ಆರೋಗ್ಯದ ತೊಂದರೆ ಇರಬೇಕು, ಅರ್ಜಿಯಲ್ಲಿ ನಮೂದಿಸಬೇಕು. ನನಗೆ ಬಿಪಿ ಇದೆ, ಬೇಕಾದಷ್ಟಿದೆ ಎಂದು ತೋಳು ಚಾಚಿದೆ. ಡಾಕ್ಟರ್ ಪಟ್ಟಿ ಸುತ್ತಿ ನೋಡಿದರು. ನೂರ ಇಪ್ಪತ್ತನಾಲ್ಕು. ಇನ್ನೊಂದು ಸಲ ನೋಡಿ ಎಂದೆ. ನೂರ ಇಪ್ಪತ್ತೆರಡು. ಇಷ್ಟು ಅನುಕೂಲಕ್ಕೆ ಬಾರದ ಬಿಪಿಯನ್ನು ನಾನು ಕಂಡಿಲ್ಲ. ಮಾತ್ರೆಯ ಪ್ರಭಾವ, ಅದಕ್ಕೂ ಹೊತ್ತುಗೊತ್ತು ಬೇಡವೇ? ನಿದ್ದೆ ಸರಿಯಿಲ್ಲ ಎಂದೆ. ಹಾಗೆಂದು ಹೇಳಿದ ಮೇಲೆ, ಹದಿನೈದು ದಿನದಿಂದ ಐದು ಗಂಟೆಯವರೆಗೂ ಎಚ್ಚರವಾಗಿಲ್ಲ ಎಂದು ನೆನಪಾಗಿ ತೋಳಿನ ಪಟ್ಟಿಯನ್ನು ನಾನೇ ಬಿಚ್ಚಿಕೊಟ್ಟೆ. ‘ಬರೂದಿಲ್ರಿ ಮೇಡಂ, ನಿಮಗ ಏನೂ ಇಲ್ಲ,’ ಎಂದರು ಡಾಕ್ಟರ್, ತೀರ ಬೇಸರದಿಂದ.

ಆಗ ಇವರು ಬಂದರು. ನಾನು ಕೊಡಲು ಮರೆತು ತಂದಿದ್ದ ಮನೆಯ ಬೀಗದ ಕೈ ಕೇಳಲು, ಆ ಬಿಸಿಲಲ್ಲಿ, ಹಿಂಡಿ ಮೂಟೆ ದಾಟಿಕೊಂಡು.

‘ಬನ್ನಿ ಅನಂತರಾಜು ಮೇಷ್ಟ್ರೇ, ಒಸಿ ಕೂತ್ಕಳಿ,’ ಎಂದು ಮುನಿತಾಯಮ್ಮ ಎಳೆದು ಕೂರಿಸಿದರು. ಡಾಕ್ಟರ್ ತಕ್ಷಣ ಪಟ್ಟಿ ಸುತ್ತಿದರು. ನೂರ ಐವತ್ತೆಂಟು. ಹಾಲ್‌ನಲ್ಲಿ ಚಪ್ಪಾಳೆ. ಪಾಪ, ಇವರು ಒಳ್ಳೆಯ ಅಂಕವೆಂದುಕೊಂಡು ನಕ್ಕರು. ಇಪ್ಪತ್ತನಾಲ್ಕು ವರ್ಷದ ದಾಂಪತ್ಯದಲ್ಲಿ ಇಷ್ಟು ಸರಿಯಾದ ಸಮಯಕ್ಕೆ ಇವರು ಒದಗಿದ್ದಿಲ್ಲ.

ಹನ್ನೆರಡು. ಡಾಕ್ಟರ್ ಸಹಿ ಹಾಕಿದರು. ಇವರು ಪ್ಯಾಂಟು ಮಡಚಿಕೊಂಡು ಬೆಲ್ ಒತ್ತಿದರು.

ಜುಲೈ 10, ಗುರುವಾರ

ತರಗತಿಯನ್ನು ಡಿಸೆಂಬರ್ ತನಕ ಮುಂದುವರಿಸಲು ಆದೇಶ ಬಂದಿದೆ. ಗೂಡು ರಾಮನಗರದ ಮಾರುಕಟ್ಟೆಗೆ ಹೋಯಿತು. ಮುನಿತಾಯಮ್ಮನವರ ಗೂಡು ಕೊಂಡವರು ಅಸದುಲ್ಲಾ ಸಾಹೇಬರೇ. ಈ ಸಲ ಜೊಳ್ಳು ಎನ್ನಲಿಲ್ಲವಂತೆ, ‘ಓ ಪರವಾಗಿಲ್ಲ’ ಎಂದರಂತೆ. ಆಕೆಗೆ ಅದೂ ಸಿಟ್ಟು.

ಜಯಕುಮಾರ್ ಇವತ್ತು ಇರಲಿಲ್ಲ. ಮಾಗಡಿಯಲ್ಲಿ ಯಾರೋ ಮುಖಂಡರ ಹುಟ್ಟುಹಬ್ಬದ ಆರ್ಕೆಸ್ಟ್ರಾ, ಹನ್ನೆರಡು ವರ್ಷದ ಮೇಲೆ ಕರೆ ಬಂದಿದೆ ಎಂದು ಹೊಸ ಕಪ್ಪು ಕನ್ನಡಕ ಹಾಕಿಕೊಂಡು ಹೋದರು. ತರಗತಿಯನ್ನು ನೀವೇ ನಡೆಸಿ ಎಂದು ನನಗೆ ಹೇಳಿದ್ದರು. ನನಗೆ ಬಾರದು ಎಂದು ಹೇಳಬೇಕೆಂದುಕೊಂಡಿದ್ದೆ, ಬೆಳಿಗ್ಗೆ ಒಂದು ಪದ್ಯ ಓದುತ್ತ ಕೂತು ಮರೆತೆ.

ಹದಿನೇಳು ಜನ ನನ್ನ ಮುಂದೆ ಸಾಲಾಗಿ ನಿಂತರು. ನಾನು ಬಲಗಾಲು ಎತ್ತಿದೆ. ಎದುರಿಗೆ ಹದಿನೇಳು ಎಡಗಾಲು ಎದ್ದವು. ತಪ್ಪು ಎಂದು ಎಡಗಾಲು ಎತ್ತಿದೆ. ಹದಿನೇಳು ಬಲಗಾಲು. ಎದುರುಬದುರು ನಿಂತರೆ ಹೀಗೇ ಆಗುವುದು, ನಾನು ಬೆನ್ನು ಮಾಡಿ ನಿಂತರೆ ಸರಿಹೋಗುತ್ತದೆ ಎಂದು ಗೋಡೆಯ ಕಡೆ ತಿರುಗಿದೆ. ಅದನ್ನೂ ಹೆಜ್ಜೆ ಎಂದುಕೊಂಡು ಅವರೂ ತಿರುಗಿದರು.

ನನಗೆ ಗೊತ್ತಾಗಲೇ ಇಲ್ಲ. ಹಾಗೆಯೇ, ನಾನು ಈ ಗೋಡೆ ನೋಡುತ್ತ, ಅವರು ಆ ಗೋಡೆ ನೋಡುತ್ತ, ಹದಿನೆಂಟು ಜನ ಒಂದು ಗಂಟೆ ಕುಣಿದೆವು. ಕೊನೆಗೆ ತಿರುಗಿ ನೋಡಿದೆ. ಎಣಿಸಿದೆ. ಯಾರೂ ಎದ್ದು ಹೋಗಿರಲಿಲ್ಲ.